ಸೀಲ್ ಆಫ್ ಬೈಲಿಟರೆಸಿ: ಎರಡು ಭಾಷೆಗಳ ಓದುಬರಹಕ್ಕೆ ಒಂದು ಮುದ್ರೆ

ಅಮೆರಿಕದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿಗೆ ಹೈಸ್ಕೂಲು ಕೊಡುವ ಪ್ರಮಾಣಪತ್ರವನ್ನು ಡಿಪ್ಲೊಮಾ ಎನ್ನುತ್ತಾರೆ. ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಡಿಪ್ಲೊಮಾದ ಮೇಲೋ ಅಂಕಪಟ್ಟಿಯ ಮೇಲೋ ಕೆಲವು ವಿದ್ಯಾರ್ಥಿಗಳಿಗೆ ಮಾತ್ರ ವಿಶೇಷವಾದ ಒಂದು ಮುದ್ರೆ ದೊರೆಯುತ್ತದೆ. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ, ಈ ಎರಡರಲ್ಲೂ ಈ ವಿದ್ಯಾರ್ಥಿ ನಿಗದಿತ ಮಟ್ಟವನ್ನು ಮುಟ್ಟಿದ್ದಾನೆ ಅಥವಾ ಮುಟ್ಟಿದ್ದಾಳೆ ಎಂದು ರಾಜ್ಯ ಸರ್ಕಾರವೇ ದೃಢೀಕರಿಸುವ ಆ ಗುರುತಿನ ಹೆಸರು 'ಸೀಲ್ ಆಫ್ ಬೈಲಿಟರೆಸಿ'.

ಸೀಲ್ ಎಂದರೆ ಮುದ್ರೆ, ಮೊಹರು, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ಬೈಲಿಟರೆಸಿ ಎಂಬ ಪದದಲ್ಲಿ. ನಮಗೆ ಹೆಚ್ಚು ಪರಿಚಿತವಾದದ್ದು ಬೈಲಿಂಗ್ವಲ್, ಅಂದರೆ ದ್ವಿಭಾಷಿಕ. ಎರಡು ಭಾಷೆ ಮಾತನಾಡಬಲ್ಲವರೆಲ್ಲ ದ್ವಿಭಾಷಿಕರು, ಅವರಿಗೆ ಅಕ್ಷರ ಬರಲಿ ಬಾರದಿರಲಿ. ಬೈಲಿಟರೆಸಿ ಎಂಬುದು ಅದಕ್ಕಿಂತ ಮುಂದಿನ ಮಾತು: ಎರಡೂ ಭಾಷೆಗಳಲ್ಲಿ ಕೇಳಿ ಅರ್ಥಮಾಡಿಕೊಳ್ಳುವುದು, ಮಾತನಾಡುವುದು, ಓದುವುದು, ಬರೆಯುವುದು, ಈ ನಾಲ್ಕೂ ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ಇದನ್ನು 'ದ್ವಿಭಾಷಾ ಸಾಕ್ಷರತೆ' ಎನ್ನಬಹುದಾದರೂ ನನಗೆ ಆ ಅನುವಾದದ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಸಾಕ್ಷರತೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಲು ಕಲಿಯುವ ವಯಸ್ಕರ ಶಿಕ್ಷಣ; ಇಲ್ಲಿ ಹೇಳುತ್ತಿರುವ ಮಟ್ಟ ಅದಕ್ಕಿಂತ ಎಷ್ಟೋ ಮೇಲಿನದು. 'ಎರಡು ಭಾಷೆಗಳ ಓದುಬರಹದ ಪ್ರಾವೀಣ್ಯ' ಎಂಬುದು ಉದ್ದವಾದರೂ ಅರ್ಥಕ್ಕೆ ಹೆಚ್ಚು ಹತ್ತಿರ.

ಈ ವ್ಯತ್ಯಾಸ ಬರಿಯ ಪದವಿಚಾರವಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಮನೆಯ ಮಗುವೊಂದನ್ನು ಊಹಿಸಿಕೊಳ್ಳಿ. ಅಜ್ಜಿಯೊಡನೆ ಫೋನಿನಲ್ಲಿ ಅರ್ಧ ಗಂಟೆ ನಿರಾಯಾಸವಾಗಿ ಹರಟುವ ಈ ಹುಡುಗಿಗೆ ಒತ್ತಕ್ಷರ ಕಂಡರೆ ಗಾಬರಿ, ಕನ್ನಡದಲ್ಲಿ ಒಂದು ಪುಟ ಬರೆದು ಅಭ್ಯಾಸವಿಲ್ಲ. ಆಕೆ ನಿಸ್ಸಂದೇಹವಾಗಿ ದ್ವಿಭಾಷಿಕಳು, ಆದರೆ ಈ ಮುದ್ರೆ ಆಕೆಗೆ ಸುಲಭವಾಗಿ ಸಿಗುವುದಿಲ್ಲ. ಅದೇ ತರಗತಿಯ ಇನ್ನೊಬ್ಬ ಹುಡುಗ ಮನೆಯಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೇನೂ ಕೇಳದೆ ಬೆಳೆದು, ಶಾಲೆಯಲ್ಲಿ ನಾಲ್ಕು ವರ್ಷ ಫ್ರೆಂಚ್ ಓದಿ, ಬೀದಿಯಲ್ಲಿ ಫ್ರೆಂಚರು ಎದುರಾದರೆ ತಡವರಿಸಿದರೂ ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಗಳಿಸಿದರೆ ಮುದ್ರೆಯೊಂದಿಗೆ ಹೊರಬರುತ್ತಾನೆ. ಒಂದೇ ಪದದ ಅಡಿಯಲ್ಲಿ ಬರುವ ಈ ಇಬ್ಬರು ಅದರತ್ತ ನಡೆದು ಬರುವುದು ಎದುರುಬದುರು ದಿಕ್ಕುಗಳಿಂದ. ಈ ಪದದ ಚರಿತ್ರೆಯೂ ಅದರ ಸುತ್ತಲಿನ ವಿವಾದವೂ ಹುಟ್ಟಿರುವುದು ಇಲ್ಲಿಯೇ.

ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ 'ಪ್ರೊಪೊಸಿಷನ್ 227' ಎಂಬ, ನೇರವಾಗಿ ಜನಮತಕ್ಕೆ ಹಾಕಿದ ಕಾನೂನು ಪ್ರಸ್ತಾವವನ್ನು ಅಂಗೀಕರಿಸಿದರು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಪಾಠವಾಗಬೇಕೆಂದು ವಿಧಿಸಿದ ಆ ಕಾನೂನು ರಾಜ್ಯದ ದ್ವಿಭಾಷಾ ತರಗತಿಗಳನ್ನು ಬಹಳ ಕುಗ್ಗಿಸಿತು. ಮನೆಮಾತು ಎಂಬುದು ಆದಷ್ಟು ಬೇಗ ದಾಟಿಬಿಡಬೇಕಾದ ಅಡ್ಡಿ ಎಂಬ ನಿಲುವು ಅದರ ಹಿಂದೆ ಇತ್ತು. ವಲಸೆ ಬಂದ ಕುಟುಂಬಗಳ ಮಕ್ಕಳ ಶಿಕ್ಷಣಕ್ಕಾಗಿ ದನಿಯೆತ್ತುತ್ತಿದ್ದ 'ಕ್ಯಾಲಿಫೋರ್ನಿಯನ್ಸ್ ಟುಗೆದರ್' ಎಂಬ ಒಕ್ಕೂಟ ಕಾನೂನಿನೊಡನೆ ನೇರ ಗುದ್ದಾಟಕ್ಕೆ ಇಳಿಯುವುದರ ಬದಲು ಎರಡನೆಯ ಭಾಷೆಗೆ ಗೌರವದ ಗುರುತೊಂದನ್ನು ಕೊಡಿಸುವ ದಾರಿ ಹಿಡಿಯಿತು. ಮೊದಲು ಕೆಲವು ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ತಾವಾಗಿಯೇ ಇಂಥ ಮುದ್ರೆ ಕೊಡತೊಡಗಿದವು. ಬಳಿಕ ಶಾಸಕಿ ಜೂಲಿಯಾ ಬ್ರೌನ್ಲಿ ಮಂಡಿಸಿದ ಎಬಿ 815 ಮಸೂದೆಗೆ 2011ರ ಅಕ್ಟೋಬರಿನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. 2012ರಲ್ಲಿ, ಮೊದಲ ವರ್ಷವೇ, ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ರಾಜ್ಯದ ಮುದ್ರೆಯನ್ನು ಪಡೆದರು. ತಮಾಷೆಯೆಂದರೆ, ಎರಡು ಭಾಷೆ ಬಲ್ಲವರಿಗೆ ಬಿರುದು ಕೊಡುವ ಕಾನೂನೂ ಎರಡು ಭಾಷೆಯಲ್ಲಿ ಕಲಿಸುವುದಕ್ಕೆ ಕಡಿವಾಣ ಹಾಕಿದ ಕಾನೂನೂ ಅದೇ ರಾಜ್ಯದಲ್ಲಿ ಹಲವು ವರ್ಷ ಒಟ್ಟಿಗೆ ಬಾಳಿದವು. 1998ರ ನಿರ್ಬಂಧಗಳನ್ನು ಮತದಾರರು ತೆಗೆದುಹಾಕಿದ್ದು 2016ರಲ್ಲಿ, 'ಪ್ರೊಪೊಸಿಷನ್ 58' ಮೂಲಕ. ಅರಿಜೋನಾದ್ದೂ ಇಂಥದೇ ಕಥೆ: 2000ದಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಿದ ಆ ರಾಜ್ಯ ಅದನ್ನು ಹಿಂತೆಗೆದುಕೊಳ್ಳದೆಯೇ 2016ರಲ್ಲಿ ಮುದ್ರೆಯ ಕಾನೂನನ್ನೂ ಮಾಡಿತು. ನ್ಯೂಯಾರ್ಕ್ 2012ರಲ್ಲಿಯೂ ಇಲಿನಾಯ್ 2013ರಲ್ಲಿಯೂ ಇದನ್ನು ಒಪ್ಪಿಕೊಂಡವು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇದು ಬಹುತೇಕ ಇಡೀ ದೇಶಕ್ಕೆ ಹಬ್ಬಿತು.

ಅಮೆರಿಕದಲ್ಲಿ ಶಿಕ್ಷಣ ರಾಜ್ಯಗಳ ವಿಷಯವಾದ್ದರಿಂದ ನಿಯಮಗಳೂ ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದ ಮೂಲ ಕಾನೂನು ಇಂಗ್ಲಿಷ್ ಪಠ್ಯಕ್ರಮವನ್ನು ಗೊತ್ತಾದ ಸರಾಸರಿಯೊಂದಿಗೆ ಮುಗಿಸಿರಬೇಕು, ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿರಬೇಕು ಎಂದು ಕೇಳಿತು. ಇನ್ನೊಂದು ಭಾಷೆಗೆ ಹಲವು ದಾರಿಗಳನ್ನು ತೆರೆದಿಟ್ಟಿತು: ಹೈಸ್ಕೂಲಿನಲ್ಲಿಯೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಐದಕ್ಕೆ ಕನಿಷ್ಠ 3, ಹಲವು ದೇಶಗಳ ಶಾಲೆಗಳಲ್ಲಿರುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪರೀಕ್ಷೆಯಲ್ಲಿ ಏಳಕ್ಕೆ ಕನಿಷ್ಠ 4, ನಾಲ್ಕು ವರ್ಷ ಆ ಭಾಷೆಯನ್ನು ಒಳ್ಳೆಯ ಅಂಕಗಳೊಂದಿಗೆ ಓದಿ ಮಾತಿನ ಸಾಮರ್ಥ್ಯವನ್ನೂ ತೋರಿಸುವುದು, ಅಥವಾ ಶಾಲಾ ಜಿಲ್ಲೆ ತಾನೇ ನಡೆಸುವ ಪರೀಕ್ಷೆ. ನ್ಯೂಯಾರ್ಕ್ ಅಂಕಗಳ ಲೆಕ್ಕ ಇಟ್ಟುಕೊಂಡಿದೆ. ಇಂಗ್ಲಿಷಿನಲ್ಲಿ 3, ಇನ್ನೊಂದು ಭಾಷೆಯಲ್ಲಿ 3, ಹೀಗೆ ಬೇರೆ ಬೇರೆ ಸಾಧನೆಗಳಿಂದ ಕೂಡಿಸಬೇಕು.

ಈ ಅಳತೆಗೋಲುಗಳು ನಿಜವಾಗಿ ಎಷ್ಟು ಎತ್ತರದವು ಎಂಬುದು ಮುಖ್ಯವಾದ ಪ್ರಶ್ನೆ. ವಿದೇಶಿ ಭಾಷೆ ಕಲಿಸುವವರ ಸಂಸ್ಥೆಯಾದ ಆಕ್ಟ್‌ಫುಲ್ ಭಾಷಾಸಾಮರ್ಥ್ಯವನ್ನು ನೋವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್, ಸುಪೀರಿಯರ್, ಡಿಸ್ಟಿಂಗ್ವಿಶ್ಡ್ ಎಂದು ವಿಂಗಡಿಸಿ, ಮೊದಲ ಮೂರನ್ನು ಮತ್ತೆ ಕೆಳ, ನಡು, ಮೇಲು ಎಂದು ಒಡೆಯುತ್ತದೆ. ಈ ಸಂಸ್ಥೆ ಇತರ ಮೂರು ಸಂಸ್ಥೆಗಳೊಡನೆ ಸೇರಿ 2015ರಲ್ಲಿ ಹೊರತಂದ ಮಾರ್ಗಸೂಚಿ ಇಂಟರ್‌ಮೀಡಿಯೆಟ್‌ನ ನಡುವಿನ ಮೆಟ್ಟಿಲನ್ನು ಕನಿಷ್ಠವೆಂದು ಸೂಚಿಸಿತು. ಆ ಮೆಟ್ಟಿಲಿನಲ್ಲಿರುವ ವಿದ್ಯಾರ್ಥಿ ದಿನನಿತ್ಯದ ವ್ಯವಹಾರವನ್ನು ಸ್ವಂತ ವಾಕ್ಯಗಳಲ್ಲಿ ನಿಭಾಯಿಸಬಲ್ಲ, ಪ್ರಶ್ನೆ ಕೇಳಬಲ್ಲ, ತನ್ನ ಬಗ್ಗೆ ನಾಲ್ಕು ಮಾತು ಬರೆಯಬಲ್ಲ; ನಿನ್ನೆ ನಡೆದ ಘಟನೆಯೊಂದನ್ನು ಎಳೆ ತಪ್ಪದೆ ಪೂರ್ತಿ ನಿರೂಪಿಸುವುದು, ಪತ್ರಿಕೆಯ ಸಂಪಾದಕೀಯವನ್ನು ತಿಣುಕದೆ ಓದುವುದು ಅವನಿಂದ ನಿರೀಕ್ಷಿತವಲ್ಲ. ಆದ್ದರಿಂದ ಮುದ್ರೆಯನ್ನು ಪಾಂಡಿತ್ಯವೆಂದು ತಿಳಿಯಬಾರದು. ಆದರೂ ಇಷ್ಟು ವರ್ಷ ತರಗತಿಯಲ್ಲಿ ಕುಳಿತಿದ್ದ ಎಂಬುದಕ್ಕಿಂತ ಇಷ್ಟನ್ನು ಮಾಡಬಲ್ಲ ಎಂಬುದನ್ನು ಅಳೆಯುವ ಪ್ರಯತ್ನ ಇದು, ಮತ್ತು ಆ ಮಟ್ಟಿಗೆ ಹಳೆಯ ಅಂಕಪಟ್ಟಿಗಿಂತ ಹೆಚ್ಚು ಪ್ರಾಮಾಣಿಕ. ಮಿನೆಸೋಟ ರಾಜ್ಯ ಚಿನ್ನ ಮತ್ತು ಪ್ಲಾಟಿನಂ ಎಂದು ಎರಡು ದರ್ಜೆಗಳನ್ನು ಮಾಡಿ ಮೇಲಿನದಕ್ಕೆ ಅಡ್ವಾನ್ಸ್ಡ್ ಮಟ್ಟವನ್ನೇ ಕೇಳುತ್ತದೆ.

ಪದದೊಳಗಿನ 'ಲಿಟರೆಸಿ' ಎಲ್ಲಿ ಸಡಿಲವಾಗುತ್ತದೆ ಎಂಬುದೂ ಕುತೂಹಲದ ಸಂಗತಿ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 'ಇನ್ನೊಂದು ಭಾಷೆ' ಎಂದರೆ ಇಂಗ್ಲಿಷ್ ಅಲ್ಲದ ಯಾವ ಭಾಷೆಯಾದರೂ ಸರಿ, ಅಮೆರಿಕನ್ ಸಂಜ್ಞೆ ಭಾಷೆಯೂ ಸೇರಿದಂತೆ. ಸಂಜ್ಞೆ ಭಾಷೆಗೆ ಬಳಕೆಯ ಲಿಪಿಯಿಲ್ಲ. ಅಮೆರಿಕದ ಹಲವು ಮೂಲನಿವಾಸಿ ಭಾಷೆಗಳು ಇಂದಿಗೂ ಮುಖ್ಯವಾಗಿ ಬಾಯಿಮಾತಿನಲ್ಲಿಯೇ ಬದುಕಿವೆ. ಲ್ಯಾಟಿನ್ ಭಾಷೆಗಾದರೋ ಓದುಬರಹವಿದೆ, ಮಾತನಾಡುವವರಿಲ್ಲ. ಇಂಥಲ್ಲಿ ನಾಲ್ಕೂ ಕೌಶಲಗಳನ್ನು ಕೇಳುವುದು ಅರ್ಥಹೀನವಾಗುವುದರಿಂದ, ಆ ಭಾಷೆ ಯಾವ ಬಗೆಯಲ್ಲಿ ಬಳಕೆಯಲ್ಲಿದೆಯೋ ಆ ಬಗೆಯನ್ನಷ್ಟೇ ಪರೀಕ್ಷಿಸಲು ಅವಕಾಶವಿದೆ. ಹೆಸರು ಹೇಳುವುದಕ್ಕಿಂತ ವ್ಯವಹಾರ ವಿಶಾಲವಾಗಿರುವ ಅಪರೂಪದ ಉದಾಹರಣೆ ಇದು.

ಕನ್ನಡಕ್ಕೆ ಲಿಪಿಯಿದೆ, ಸಾಹಿತ್ಯವಿದೆ, ಮಾತನಾಡುವವರೂ ಇದ್ದಾರೆ. ಅದಕ್ಕಿರುವ ತೊಂದರೆ ಬೇರೆ. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳು ಸ್ಪ್ಯಾನಿಶ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ, ಲ್ಯಾಟಿನ್ ಭಾಷೆಗಳಲ್ಲಿವೆ, ಭಾರತದ ಒಂದು ಭಾಷೆಯಲ್ಲಿಯೂ ಇಲ್ಲ. ಹೀಗಾಗಿ ಕನ್ನಡ, ತಮಿಳು, ತೆಲುಗು ಮನೆಗಳ ಮಕ್ಕಳು ಎಲ್ಲರೂ ನಡೆಯುವ ಹೆದ್ದಾರಿ ಬಿಟ್ಟು, ಶಾಲಾ ಜಿಲ್ಲೆಯೇ ಏರ್ಪಡಿಸುವ ಅಥವಾ ಮಾನ್ಯ ಮಾಡುವ ಬೇರೆ ಪರೀಕ್ಷೆಯನ್ನು ಹುಡುಕಬೇಕಾಗುತ್ತದೆ. ಅಲ್ಲಿನ ಕನ್ನಡಿಗರು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಕಾಗುಣಿತ ಬರೆಯುವ ಮಕ್ಕಳಿಗೆ ಆ ಬರವಣಿಗೆ ಒಂದು ದಿನ ಈ ಮುದ್ರೆಯ ಲೆಕ್ಕಕ್ಕೆ ಬಂದೀತು. ಪರೀಕ್ಷೆ ಇಲ್ಲದ ಕಡೆ ಎಷ್ಟು ಬಲ್ಲವರಾದರೂ ಗುರುತಿಗೆ ದಾರಿಯಿಲ್ಲ.

ಇನ್ನು ವಿವಾದ. ಇಂಗ್ಲಿಷ್ ಮನೆಮಾತಾದ ವಿದ್ಯಾರ್ಥಿ ಹೇಗಿದ್ದರೂ ಮುಗಿಸಲೇಬೇಕಾದ ಇಂಗ್ಲಿಷ್ ಪಾಠಗಳಿಂದಲೇ ಮುದ್ರೆಯ ಅರ್ಧವನ್ನು ಹೆಚ್ಚುಕಡಿಮೆ ಸಂಪಾದಿಸಿರುತ್ತಾನೆ. ಇನ್ನೊಂದು ಭಾಷೆಯಲ್ಲಿ ಮಧ್ಯಮ ಮಟ್ಟ ಮುಟ್ಟಿದರೆ ಸಾಕು. ಹದಿಮೂರನೆಯ ವಯಸ್ಸಿನಲ್ಲಿ ವಲಸೆ ಬಂದು, ಸ್ಪ್ಯಾನಿಶ್‌ನಲ್ಲಿ ಕಾದಂಬರಿ ಓದಬಲ್ಲ ಹುಡುಗಿಗೆ ಮಾತ್ರ ಇಂಗ್ಲಿಷಿನ ಅರ್ಧ ತನ್ನ ಸಹಪಾಠಿಗಳ ಮಟ್ಟದಲ್ಲಿಯೇ ಬೇಕು. ಕ್ಯಾಲಿಫೋರ್ನಿಯಾದ ಮೂಲ ನಿಯಮದಲ್ಲಿ ಆಕೆ ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಇನ್ನೊಂದು ಪರೀಕ್ಷೆಯನ್ನೂ ದಾಟಬೇಕಿತ್ತು. ಅಂದರೆ ಎರಡನೆಯ ಭಾಷೆಗೆ ಒಬ್ಬನಿಂದ ಕೇಳುವುದು ಮಧ್ಯಮ ಮಟ್ಟ, ಇನ್ನೊಬ್ಬಳಿಂದ ಕೇಳುವುದು ಪೂರ್ಣ ಮಟ್ಟ. ಯಾರ ಮಕ್ಕಳ ಹೆಸರಿನಲ್ಲಿ ಈ ಕಲ್ಪನೆ ಹುಟ್ಟಿತೋ ಅವರಿಗೇ ಬಾಗಿಲು ಕಿರಿದಾಗಿದೆ ಎಂಬ ಆಕ್ಷೇಪ ನನ್ನ ದೃಷ್ಟಿಯಲ್ಲಿ ಸಮರ್ಥವಾದದ್ದು. ಇಂಗ್ಲಿಷ್ ಸಾಮರ್ಥ್ಯವನ್ನು ತೋರಿಸಲು ಹೆಚ್ಚು ದಾರಿಗಳಿರಬೇಕೆಂಬ ಒತ್ತಾಯದಿಂದ ಕ್ಯಾಲಿಫೋರ್ನಿಯಾ ತನ್ನ ನಿಯಮಗಳನ್ನು ಇತ್ತೀಚೆಗೆ ಸಡಿಲಿಸಿದೆ. ಯೋಜನೆಗೆ ಸೇರುವುದು ಅಲ್ಲಿ ಶಾಲಾ ಜಿಲ್ಲೆಗಳ ಇಚ್ಛೆಗೆ ಬಿಟ್ಟದ್ದೆಂಬುದೂ ನೆನಪಿನಲ್ಲಿರಬೇಕು: ತನ್ನ ಜಿಲ್ಲೆ ಸೇರದಿದ್ದರೆ ಜಾಣ ವಿದ್ಯಾರ್ಥಿಯೂ ಕೈಚೆಲ್ಲಬೇಕು.

ಮುದ್ರೆಯಿಂದ ಸಿಗುವುದೇನು? ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳ ಸಾರ್ವಜನಿಕ ಕಾಲೇಜುಗಳಲ್ಲಿ ಇದರ ಆಧಾರದ ಮೇಲೆ ಭಾಷಾವಿಷಯದ ಕ್ರೆಡಿಟ್ ದೊರೆಯುತ್ತದೆ, ಅಂದರೆ ಅಷ್ಟು ಪಾಠಗಳನ್ನು ಮತ್ತೆ ಓದಿ ಶುಲ್ಕ ಕಟ್ಟುವುದು ತಪ್ಪುತ್ತದೆ. ಉಳಿದ ಕಡೆ ಅರ್ಜಿಯಲ್ಲಿ ಬರೆದುಕೊಳ್ಳಬಹುದಾದ ಒಂದು ಸಾಲು. 'ಗ್ಲೋಬಲ್ ಸೀಲ್ ಆಫ್ ಬೈಲಿಟರೆಸಿ' ಎಂಬ ಹೆಸರಿನ ಇನ್ನೊಂದು ಪ್ರಮಾಣಪತ್ರವೂ ಚಲಾವಣೆಯಲ್ಲಿದೆ. ಅದನ್ನು ಯಾವ ರಾಜ್ಯವೂ ಕೊಡುವುದಿಲ್ಲ, ಹೈಸ್ಕೂಲು ಮುಗಿಸುವುದಕ್ಕೂ ಅದಕ್ಕೂ ಗಂಟುಹಾಕಿಲ್ಲ, ವಯಸ್ಕರೂ ಪಡೆಯಬಹುದು. ಹೆಸರುಗಳು ಹೋಲುವುದರಿಂದ, ಯಾರಾದರೂ ತಮಗೆ ಸೀಲ್ ಆಫ್ ಬೈಲಿಟರೆಸಿ ದೊರೆತಿದೆ ಎಂದರೆ ಯಾವ ರಾಜ್ಯದ್ದು, ಯಾವ ಭಾಷೆಗೆ, ಯಾವ ದರ್ಜೆಯದು ಎಂಬ ಮೂರನ್ನೂ ಕೇಳಿದ ಮೇಲಷ್ಟೇ ಅದರ ಅರ್ಥ ಪೂರ್ತಿಯಾಗುತ್ತದೆ.