ಫೋನ್ ಸರ್ವರ್ ಸುಮ್‌ಸುಮ್ನೆ ನಿಂತುಹೋಗೋದು ಯಾಕೆ?

ಪ್ರಶ್ನೆ: ಸಾರ್, ಮಂಡ್ಯದಲ್ಲಿ ನಮ್ಮದೊಂದು ನರ್ಸಿಂಗ್ ಹೋಂ ಇದೆ. ಹಳೇ ಕಂಪ್ಯೂಟರಿಗೆ ಲಿನಕ್ಸ್, ಅದರ ಮೇಲೆ ಫೋನ್ ಕರೆ ನಿಭಾಯಿಸೋ ಆಸ್ಟರಿಸ್ಕ್ ಸಾಫ್ಟ್‌ವೇರ್ ಹಾಕಿ ಫೋನ್ ಸರ್ವರ್ ಮಾಡಿಕೊಂಡಿದ್ದೀವಿ. ಅದು ಆಗಾಗ ತಾನಾಗೇ ನಿಂತುಬಿಡುತ್ತೆ. ಸಾಫ್ಟ್‌ವೇರ್ ಹೊಸದಾಗಿ ಹಾಕಿಸಿದರೂ ಅದೇ ಕಥೆ. ಹಾರ್ಡ್‌ವೇರ್ ದೋಷ ಇರಬಹುದಾ?

ಉತ್ತರ: ಇರಬಹುದು. ಅಂಗಡಿಯವರು ಮತ್ತೆ 'ಫಾರ್ಮ್ಯಾಟ್ ಮಾಡಿಬಿಡೋಣ' ಅಂದರೆ ಸದ್ಯಕ್ಕೆ ಬೇಡ ಅನ್ನಿ. ನಿಂತಿದ್ದು ಆಸ್ಟರಿಸ್ಕ್ ಮಾತ್ರವೋ, ಇಡೀ ಯಂತ್ರವೋ? ಮೊದಲು ಅದು ಗೊತ್ತಾಗಬೇಕು. ಆಸ್ಟರಿಸ್ಕ್ ಒಂದೇ, ಪ್ರತಿ ಸಲವೂ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಸಾಫ್ಟ್‌ವೇರ್ ಮೇಲೆ ಅನುಮಾನ. ಇವತ್ತು ಆಸ್ಟರಿಸ್ಕ್, ನಾಳೆ ಡೇಟಾಬೇಸ್, ನಾಡಿದ್ದು ಇನ್ನೊಂದು ಅಂತಾದರೆ ರ್‍ಯಾಮ್ ಮೇಲೆ.

ಯಂತ್ರವೇ ರೀಸ್ಟಾರ್ಟ್ ಆಗಿದ್ದರೆ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ತೆಗೆದು ನೋಡಿ. ಸರಿಯಾಗಿ ಶಟ್‌ಡೌನ್ ಆದ ಲಿನಕ್ಸ್ ಒಂದೊಂದೇ ಸರ್ವಿಸ್ ನಿಲ್ಲಿಸಿದ್ದನ್ನು ಬರೆದಿಟ್ಟೇ ಹೋಗುತ್ತದೆ. 11:42ಕ್ಕೆ ಯಾವುದೋ ಕರೆ ಬಂದ ಸಾಲು, ಅದರ ಕೆಳಗೆ ನೇರವಾಗಿ 11:44ರ ಬೂಟ್ ಸಾಲು, ನಡುವೆ ಏನೂ ಇಲ್ಲ ಅಂದರೆ ನಾನು ಮೊದಲು ನೋಡೋದು ಪವರ್ ಸಪ್ಲೈ, ಆಮೇಲೆ ಬಿಸಿ. ಆ ಹೊತ್ತಿಗೆ ಕರೆಂಟ್ ಹೋಗಿ ಬಂದಿತ್ತಾ? ಹಾಗಿದ್ದರೆ ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಪವರ್ ಸಪ್ಲೈಯ 12 ವೋಲ್ಟ್ ಲೈನ್ 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಆದರೆ ಕ್ಷಣಮಾತ್ರದ ಕುಸಿತ ಮಲ್ಟಿಮೀಟರಿನಲ್ಲಿ ಕಾಣೋದಿಲ್ಲ. ಸರಿಯಿರುವ ಬೇರೆ ಪವರ್ ಸಪ್ಲೈ ಹಾಕಿ ನೋಡೋದೇ ವಾಸಿ.

ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿ. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು ಕೆಪಾಸಿಟರ್‌ಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಪೂರಿ ಥರ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ಬೋರ್ಡ್ ಬದಲಿಸಿ. ಫ್ಯಾನ್ ತಿರುಗುತ್ತಿದೆಯಾ, ಧೂಳು ಕಟ್ಟಿದೆಯಾ, ಅದನ್ನೂ ನೋಡಿ.

ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಇದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಅಷ್ಟು ಹೊತ್ತು ಫೋನ್ ಇರೋದಿಲ್ಲ, ಎಮರ್ಜೆನ್ಸಿಗೆ ಒಂದು ನೇರ ಲೈನ್ ಇಟ್ಟುಕೊಂಡಿರಿ. ಒಂದೇ ಒಂದು ಎರರ್ ಬಂದರೂ ಸುಮ್ಮನೆ ಬಿಡಬೇಡಿ. ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಓಡಿಸಿ, ಕೆಟ್ಟಿದ್ದು ಯಾವುದೆಂದು ಗೊತ್ತಾಗುತ್ತದೆ. ಎರರ್ ಬರಲಿಲ್ಲ ಅಂತ ರ್‍ಯಾಮ್ ನೂರಕ್ಕೆ ನೂರು ಚೆನ್ನಾಗಿದೆ ಅಂತಲೂ ಅಲ್ಲ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ (SMART) ವರದಿಯಲ್ಲಿ 5 ಮತ್ತು 197 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲುಗಳು ಕೆಟ್ಟ ಜಾಗಗಳ ಲೆಕ್ಕ. ಅವುಗಳ ಕೊನೆಯ ಅಂಕಿ ಏರುತ್ತಲೇ ಇದ್ದರೆ ಬ್ಯಾಕಪ್ ತಗೊಂಡು ಡಿಸ್ಕ್ ಬದಲಿಸಿ.

ಟೆಲಿಫೋನ್ ತಂತಿ ಕೂರುವ ಕಾರ್ಡ್ ಇದೆಯಾ? ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ನಂತರವೇ ಕಾಟ ಶುರುವಾಗಿದ್ದರೆ, ಸಿಡಿಲಿನ ಹೊಡೆತ ಆ ತಂತಿಯಲ್ಲೇ ಬಂದಿರಬಹುದು. ಕೆಲವು ದಿನ ಕಾರ್ಡ್ ತೆಗೆದಿಟ್ಟು ನೋಡಿ. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿದ ಮೇಲೆಯೇ ಹೊಸ ಕಾರ್ಡ್ ಹಾಕಿಸಿ.