ಹಳೆಯ ಕಾರಿನ ತಳದ ತಗಡು ಬೆಸೆಯುವಾಗ ತೂತು ಬೀಳುವುದೇಕೆ?

ಪ್ರಶ್ನೆ: ಹಳೆಯ ಕಾರಿನ ತುಕ್ಕು ಹಿಡಿದ ತಳಕ್ಕೆ ಮಿಗ್ ಯಂತ್ರದಿಂದ (ತಾನೇ ಮುಂದೆ ಬರುವ ತಂತಿಯನ್ನು ವಿದ್ಯುತ್ತಿನಿಂದ ಕರಗಿಸಿ ಬೆಸೆಯುವ ಯಂತ್ರ) ತೇಪೆ ಹಾಕುತ್ತಿದ್ದೇನೆ. ಬೆಸೆದಲ್ಲೆಲ್ಲ ತೂತು ಬೀಳುತ್ತಿದೆ. ಕರೆಂಟ್ ತಗ್ಗಿಸಿದರೆ ಬೆಸುಗೆ ಗುಳ್ಳೆಯಂತೆ ಮೇಲೆಯೇ ಕೂರುತ್ತದೆ, ತಗಡಿಗೆ ಕಚ್ಚುವುದಿಲ್ಲ. ಯಂತ್ರವನ್ನು ಹೇಗೆ ಹೊಂದಿಸಬೇಕು?

ಉತ್ತರ: ಯಂತ್ರಕ್ಕೆ ಕೈ ಹಚ್ಚುವ ಮುನ್ನ ತೇಪೆಯ ಅಂಚು ಎಲ್ಲಿ ಬಂದಿದೆ ಎಂದು ನೋಡಿರಿ. ತಳದ ತಗಡು ಹೊಸದರಲ್ಲಿಯೇ ಸಾಮಾನ್ಯವಾಗಿ 0.8ರಿಂದ 1.2 ಮಿ.ಮೀ. ದಪ್ಪವಿರುತ್ತದೆ. ತುಕ್ಕು ತೂತಿನ ಅಂಚಿಗೇ ನಿಲ್ಲುವುದಿಲ್ಲವಾದ್ದರಿಂದ, ಮೇಲೆ ಗಟ್ಟಿಯಾಗಿ ಕಾಣುವ ಸುತ್ತಲಿನ ಭಾಗವೂ ಕೆಳಗಿನಿಂದ ಸವೆದು ಅರ್ಧಕ್ಕೆ ಇಳಿದಿರಬಹುದು. ತೇಪೆಯನ್ನು ಕರಗಿಸುವಷ್ಟು ಶಾಖವನ್ನು ಅದು ತಡೆಯಲಾರದು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತುತ್ತ ಹೋಗಿ, ತಗಡು ಎಲ್ಲಿಯೂ ಬಳುಕದ ಜಾಗದವರೆಗೆ ಕತ್ತರಿಸಿ ತೆಗೆಯಿರಿ. ತೇಪೆ ದೊಡ್ಡದಾಯಿತೆಂದು ಮನಸ್ಸು ಹಿಂಜರಿಯುತ್ತದೆ, ಆದರೆ ಚಿಕ್ಕ ತೇಪೆಗಿಂತ ದೊಡ್ಡದನ್ನು ಬೆಸೆಯುವುದೇ ಸುಲಭ.

ಇನ್ನು ಯಂತ್ರದ ವಿಚಾರ. 0.6 ಮಿ.ಮೀ. ತಂತಿ, ಆರ್ಗಾನ್‌ಗೆ ಇಂಗಾಲದ ಡೈಆಕ್ಸೈಡ್ ಬೆರೆಸಿದ ಅನಿಲ, ಬರಿಯ ಲೋಹಕ್ಕೆ ಕಚ್ಚಿಸಿದ ಅರ್ತಿಂಗ್ ಕ್ಲಾಂಪ್ (ಕರೆಂಟ್ ಯಂತ್ರಕ್ಕೆ ಮರಳುವ ತಂತಿಯ ಹಿಡಿಕೆ) ಇದ್ದರೆ ಸಾಕು. ಬಣ್ಣ, ತುಕ್ಕು, ಕೆಳಗಿನ ಡಾಂಬರು ಲೇಪ ಇವನ್ನು ಎರಡೂ ಬದಿಯಲ್ಲಿ ಉಜ್ಜಿ ತೆಗೆಯದಿದ್ದರೆ ಯಾವ ಹೊಂದಾಣಿಕೆಯೂ ಫಲ ಕೊಡುವುದಿಲ್ಲ. ತೇಪೆಯ ತಗಡಿಗೆ ಸತುವಿನ ಲೇಪವಿದ್ದರೆ ಬೆಸೆಯುವ ಅಂಚಿನಿಂದ ಅದನ್ನೂ ತೆಗೆಯಿರಿ, ಏಕೆಂದರೆ ಅದರ ಹೊಗೆಯಿಂದ ಜ್ವರ ಬರುತ್ತದೆ.

ನಿಜವಾದ ಮದ್ದು ಇರುವುದು ಕೈಯ ಚಲನೆಯಲ್ಲಿ. ಇಂಥ ತಗಡಿನ ಮೇಲೆ ಉದ್ದಕ್ಕೆ ಗೆರೆ ಎಳೆದಂತೆ ಬೆಸೆಯಬಾರದು, ಚುಕ್ಕಿ ಚುಕ್ಕಿಯಾಗಿ ಬೆಸೆಯಬೇಕು. ಕರೆಂಟನ್ನು ತೀರ ತಗ್ಗಿಸದೆ, ಚುಕ್ಕಿಯೊಂದು ಕೆಳಬದಿಗೂ ಇಳಿಯುವಷ್ಟು ಇಟ್ಟು, ಗುಂಡಿಯನ್ನು ಸೆಕೆಂಡಿನಷ್ಟು ಹೊತ್ತು ಮಾತ್ರ ಒತ್ತಿ ಬಿಡಿರಿ. ಮೊದಲು 25–30 ಮಿ.ಮೀ.ಗೆ ಒಂದರಂತೆ ಸುತ್ತಲೂ ಚುಕ್ಕಿ ಹಾಕಿ, ಆಮೇಲೆ ನಡುವಿನ ಜಾಗವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹಾರುತ್ತ ತುಂಬಿರಿ. ಪಕ್ಕದಲ್ಲೇ ಇನ್ನೊಂದು ಹಾಕಬೇಕಾದರೆ ಹಿಂದಿನ ಚುಕ್ಕಿಯ ಕೆಂಪು ಪೂರ್ತಿ ಆರುವವರೆಗೆ ಕಾಯಬೇಕು. ಅವಸರ ಮಾಡಿದರೆ ತೂತು ಮಾತ್ರವಲ್ಲ, ತಣಿಯುವಾಗ ಬೆಸುಗೆ ಕುಗ್ಗಿ ಎಳೆಯುವುದರಿಂದ ತಗಡೂ ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಅಂಚುಗಳ ನಡುವಿನ ಸಂದು ತಗಡಿನ ದಪ್ಪವನ್ನು ಮೀರಬಾರದು. ಮೀರಿದ ಕಡೆ ಹಿಂಬದಿಗೆ ದಪ್ಪ ತಾಮ್ರದ ಪಟ್ಟಿಯನ್ನು ಒತ್ತಿ ಹಿಡಿದರೆ, ಅದು ಶಾಖವನ್ನು ಹೀರಿಕೊಂಡು ಕರಗಿದ ಉಕ್ಕಿಗೆ ಆಸರೆಯಾಗುತ್ತದೆ. ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ. ತೂತನ್ನು ಮುಚ್ಚುವುದಕ್ಕೂ ಇದೇ ಉಪಾಯ. ಒಂದರ ಮೇಲೊಂದು ಹೊದಿಸಿ ಬೆಸೆಯುವುದು ಸುಲಭವೇನೋ ಹೌದು, ಆದರೆ ಎರಡು ಪದರಗಳ ನಡುವೆ ನೀರು ನಿಂತು ಅಲ್ಲಿಂದಲೇ ಮತ್ತೆ ತುಕ್ಕು ಶುರುವಾಗುತ್ತದೆ. ಆದ್ದರಿಂದ ನಾನು ಅಂಚಿಗೆ ಅಂಚು ಕೂಡಿಸುವುದನ್ನೇ ಮೆಚ್ಚುತ್ತೇನೆ.

ಬೆಸೆಯುವ ಮುನ್ನ ಬ್ಯಾಟರಿಯ ತಂತಿ ಬಿಡಿಸಿ, ಕಾರ್ಪೆಟ್ಟು ಹಾಗೂ ಸೀಟುಗಳನ್ನು ಹೊರಗಿಟ್ಟು, ಹತ್ತಿರದಲ್ಲಿ ಹಾದುಹೋಗುವ ಪೆಟ್ರೋಲ್ ಕೊಳವೆಯನ್ನು ಕಳಚಿರಿ. ಡಾಂಬರು ಲೇಪ ಕೆಳಬದಿಯಲ್ಲಿ ಸದ್ದಿಲ್ಲದೆ ಹೊತ್ತಿಕೊಳ್ಳುವುದುಂಟು.

ಕೆಲಸ ಮುಗಿದ ಮೇಲೆ ಕತ್ತಲಲ್ಲಿ ಕಾರಿನ ಕೆಳಗೆ ದೀಪವಿಟ್ಟು ಒಳಗಿನಿಂದ ನೋಡಿರಿ. ಬೆಳಕು ಸೂಜಿಮೊನೆಯಷ್ಟು ಇಣುಕಿದಲ್ಲಿಯೂ ಇನ್ನೊಂದು ಚುಕ್ಕಿ ಹಾಕಿ, ಉಜ್ಜಿ ಮಟ್ಟಮಾಡಿ, ಎರಡೂ ಬದಿಗೆ ಪ್ರೈಮರ್ ಬಳಿದು, ಅದು ಒಣಗಿದ ಬಳಿಕ ಸಂದಿನ ಮೇಲೆ ಸೀಲರ್ ಹಚ್ಚಿರಿ.