‘ಇತ್ತೀಚೆಗೆ ಚಳಿಜ್ವರ ಬಂದಿತ್ತೇ?’: ರಕ್ತನಿಧಿಯ ಒಂದು ಪ್ರಶ್ನೆಯ ಹಿಂದಿನ ವಿಜ್ಞಾನ

ಮಂಗಳೂರು, ಉಡುಪಿಗಳಲ್ಲಿ ರಕ್ತದಾನ ಶಿಬಿರಗಳಿಗೆ ಕೊರತೆಯಿಲ್ಲ. ಯುವಕ ಮಂಡಲ, ಗಣೇಶೋತ್ಸವ ಸಮಿತಿ, ಚರ್ಚು, ಮಸೀದಿ, ಕಾಲೇಜು ಎಲ್ಲವೂ ಶಿಬಿರ ನಡೆಸುತ್ತವೆ. ದಾನಿಗಳೂ ಉತ್ಸಾಹದಿಂದ ಬರುತ್ತಾರೆ. ಆದರೆ ಸೂಜಿ ಚುಚ್ಚುವ ಮೊದಲು ಕೈಗೆ ಕೊಡುವ ನಮೂನೆಯನ್ನು ಓದದೆಯೇ, ಪ್ರತಿ ಪ್ರಶ್ನೆಗೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡುವವರು ಬಹಳ. ಆಮೇಲೆ ಹೇಗೂ ರಕ್ತವನ್ನು ಪರೀಕ್ಷಿಸುತ್ತಾರೆ, ಈ ವಿಚಾರಣೆ ಏಕೆ ಎಂಬುದು ಅವರ ವಾದ. ಈ ವಾದ ತಪ್ಪು; ಕರಾವಳಿಯಲ್ಲಂತೂ ಅಪಾಯಕಾರಿ.

ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ, ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಎಂಬ ನಿಯಮಗಳು ಹೆಚ್ಚಿನವರಿಗೆ ಗೊತ್ತು. ಇವುಗಳಲ್ಲಿ ಬಹುಪಾಲು ದಾನಿಯ ಆರೋಗ್ಯವನ್ನು ಕಾಯುವಂಥವು. ಕಾಯಿಲೆಗಳ ಕುರಿತ ಪ್ರಶ್ನೆಗಳು ಮಾತ್ರ ರಕ್ತ ಪಡೆಯುವ ರೋಗಿಯ ಸಲುವಾಗಿವೆ.

ಭಾರತದಲ್ಲಿ ಸಂಗ್ರಹವಾದ ಪ್ರತಿಯೊಂದು ಚೀಲದ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸಲೇಬೇಕು. ಎಚ್‌ಐವಿ ತಗುಲಿದ ಮೊದಲ ಕೆಲವು ದಿನಗಳಲ್ಲಿ ಅದು ಅತ್ಯಂತ ಸೂಕ್ಷ್ಮವಾದ ಪರೀಕ್ಷೆಗೂ ಸಿಗುವುದಿಲ್ಲ ಎಂಬುದನ್ನು ಹಲವರು ಕೇಳಿರಬಹುದು. ಮಲೇರಿಯಾದ, ಅಂದರೆ ಚಳಿಜ್ವರದ ಕಥೆ ಅಷ್ಟು ಪ್ರಚಾರದಲ್ಲಿಲ್ಲ, ನಮಗಾದರೋ ಅದೇ ಹತ್ತಿರದ್ದು.

ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ನುರಿತ ತಂತ್ರಜ್ಞರು, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಮಲೇರಿಯಾ ತರುವ ಸುಮಾರು 50 ಪರಾವಲಂಬಿ ಜೀವಿಗಳಿದ್ದರೆ ಗುರುತಿಸಬಲ್ಲರು. ಹತ್ತೇ ಇದ್ದರೆ ಅವು ಕಣ್ತಪ್ಪುವ ಸಾಧ್ಯತೆ ಹೆಚ್ಚು. ಆದರೆ 350 ಮಿಲಿಲೀಟರಿನ ಚೀಲದಲ್ಲಿ ಮೂರೂವರೆ ಲಕ್ಷ ಮೈಕ್ರೋಲೀಟರ್ ರಕ್ತವಿದೆ, ಅಂದರೆ ‘ಮಲೇರಿಯಾ ಇಲ್ಲ’ ಎಂಬ ವರದಿ ಪಡೆದ ಆ ಚೀಲದಲ್ಲಿ 35 ಲಕ್ಷ ಪರಾವಲಂಬಿಗಳು ಉಳಿದಿರಬಹುದು. ಕುಚ್ಚಲಕ್ಕಿ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಟ್ಟಿಗೆ ಬೇಯುತ್ತವೆ. ಅದೇ ಅನ್ನದಲ್ಲಿ ಅಡಗಿದ ಒಂದು ಕಲ್ಲನ್ನು ಆ ಅಗುಳು ತೋರಿಸಿಕೊಡುವುದಿಲ್ಲ. ಶೀತಕಪೆಟ್ಟಿಗೆಯ ತಂಪೂ ನೆರವಿಗೆ ಬಾರದು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಈ ಜೀವಿಗಳು ಹಲವು ದಿನ ಬದುಕಿರುತ್ತವೆ.

ಸ್ವಲ್ಪ ರಕ್ತದಿಂದ ಮಲೇರಿಯಾ ಹರಡೀತೇ ಎಂಬ ಸಂಶಯಕ್ಕೆ ವೈದ್ಯಕೀಯ ಇತಿಹಾಸದಲ್ಲೇ ಉತ್ತರವಿದೆ. 1917ರಲ್ಲಿ ವಿಯೆನ್ನಾದ ವೈದ್ಯ ಯೂಲಿಯಸ್ ವಾಗ್ನರ್-ಯಾರೆಗ್, ಸಿಫಿಲಿಸ್ ಮಿದುಳಿಗೇರಿದ ರೋಗಿಗಳಿಗೆ ಮಲೇರಿಯಾಪೀಡಿತ ಸೈನಿಕನೊಬ್ಬನ ರಕ್ತವನ್ನು ಬೇಕೆಂದೇ ಚುಚ್ಚಿದರು. ತೀವ್ರ ಜ್ವರ ಆ ರೋಗವನ್ನು ಹತ್ತಿಕ್ಕುತ್ತದೆ ಎಂಬುದು ಅವರ ಎಣಿಕೆಯಾಗಿತ್ತು, ಮಲೇರಿಯಾವನ್ನು ಆಮೇಲೆ ಕ್ವಿನೈನಿನಿಂದ ಗುಣಪಡಿಸಬಹುದಿತ್ತು. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಈ ಚಿಕಿತ್ಸೆಗೆ 1927ರ ನೊಬೆಲ್ ಪ್ರಶಸ್ತಿಯೂ ಬಂತು. ಅಂದು ಚಿಕಿತ್ಸೆಗಾಗಿ ಚುಚ್ಚಿದ್ದು ಅಲ್ಪ ರಕ್ತವಾದರೆ, ಇಂದು ನಾವು ಕೊಡುವುದು ಚೀಲ ತುಂಬ ರಕ್ತ; ಅದೂ ಹೆರಿಗೆಯಲ್ಲಿ ರಕ್ತ ಕಳೆದುಕೊಂಡವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ.

ಕಟ್ಟಡ ಕಾಮಗಾರಿಯ ನಿಂತ ನೀರು ಮತ್ತು ತೆರೆದ ತೊಟ್ಟಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆಯಿಂದಾಗಿ ಮಂಗಳೂರು ದಶಕಗಳ ಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲನ್ನು ಹೊತ್ತಿತ್ತು. ಈಗ ಪ್ರಕರಣಗಳು ಬಹಳ ಇಳಿದಿವೆ. ಆದರೆ ಇಲ್ಲಿ ಹೆಚ್ಚಾಗಿ ಕಾಣುವ, ವೈವಾಕ್ಸ್ ಎಂಬ ಮಲೇರಿಯಾ ಪರಾವಲಂಬಿಯ ಪ್ರಭೇದ ರಕ್ತದಿಂದ ಮಾಯವಾದ ಮೇಲೂ ಯಕೃತ್ತಿನಲ್ಲಿ ನಿದ್ರಿಸುತ್ತಿದ್ದು, ವಾರಗಳೋ ತಿಂಗಳುಗಳೋ ಕಳೆದ ಬಳಿಕ ಮತ್ತೆ ರಕ್ತಕ್ಕಿಳಿಯಬಲ್ಲದು. ಕ್ಲೋರೋಕ್ವಿನ್ ಮೂರು ದಿನಗಳಲ್ಲಿ ಜ್ವರವನ್ನು ಇಳಿಸುತ್ತದೆ. ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವುದು 14 ದಿನಗಳ ಪ್ರೈಮಾಕ್ವಿನ್. ಜ್ವರ ಬಿಟ್ಟಿತೆಂದೋ ಮಾತ್ರೆ ಉಷ್ಣವೆಂದೋ ಅದನ್ನು ಅರ್ಧಕ್ಕೆ ನಿಲ್ಲಿಸಿದವರು ತಾವು ಗುಣವಾದೆವೆಂದೇ ತಿಳಿದು ಶಿಬಿರಕ್ಕೆ ಬರುತ್ತಾರೆ. ಪೂರ್ಣ ಗುಣವಾದ ಮೇಲೂ ಮೂರು ತಿಂಗಳು ರಕ್ತ ಕೊಡಬಾರದು ಎಂಬ ನಿಯಮವನ್ನು ಹೀಗಾಗಿ ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ಮಲೇರಿಯಾ ಇಲ್ಲದ ದೇಶಗಳು ಮಲೇರಿಯಾ ಪ್ರದೇಶಕ್ಕೆ ಹೋಗಿಬಂದವರನ್ನೇ ಕೆಲವು ತಿಂಗಳು ದೂರವಿಡುತ್ತವೆ. ಅದೇ ನಿಯಮವನ್ನು ನಮ್ಮಲ್ಲಿ ತಂದರೆ ದಾನಿಗಳೇ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಭಾರವೆಲ್ಲ ದಾನಿಯ ಪ್ರಾಮಾಣಿಕ ಉತ್ತರದ ಮೇಲೆ ಬೀಳುತ್ತದೆ. ಚೀಲಗಳ ಸಂಖ್ಯೆಯನ್ನೇ ಸಾಧನೆಯೆಂದು ವೇದಿಕೆಯಲ್ಲಿ ಘೋಷಿಸುವ ಸಂಘಟಕರು, ಮರಳಿ ಕಳುಹಿಸಲಾದ ದಾನಿಗಳಿಗೂ ಅಷ್ಟೇ ಗೌರವ ತೋರಬೇಕು.

ರಕ್ತ ಕೊಟ್ಟು ಮನೆಗೆ ಹೋದ ಮೇಲೆ ಜ್ವರ ಬಂದರೂ, ಅಥವಾ ಹೇಳದೆ ಬಿಟ್ಟ ಕಾಯಿಲೆ ನೆನಪಾದರೂ ರಕ್ತನಿಧಿಗೆ ಕೂಡಲೇ ಫೋನ್ ಮಾಡಬಹುದು. ಪ್ಲೇಟ್‌ಲೆಟ್‌ಗಳನ್ನು ಐದು ದಿನಗಳೊಳಗೆ ಬಳಸಿಬಿಡುತ್ತಾರೆ. ಕೆಂಪು ಕಣಗಳ ಚೀಲವನ್ನು ಮಾತ್ರ 35ರಿಂದ 42 ದಿನ ಇಡಬಹುದಾದ್ದರಿಂದ, ಅದು ರೋಗಿಯನ್ನು ತಲುಪುವ ಮೊದಲೇ ಹಿಂದೆಗೆದುಕೊಳ್ಳುವ ಅವಕಾಶ ಎಷ್ಟೋ ವೇಳೆ ಇದ್ದೇ ಇರುತ್ತದೆ.